ಸದಾಚಾರಕ್ಕೆ ಎಡಗೈ ಬಂದದ್ದು

ಹೆಡ್ ಮಾಸ್ತರರು ನಮ್ಮ ಪ್ರೆಸ್ಸಿನ ಹೊಸ್ತಿಲು ದಾಟಿ ಒಳಗೆ ಬಂದಾಗ ನಾನು ಒಂದು ಲಗ್ನಪತ್ರಿಕೆಯಲ್ಲಿ ಮದುಮಗನ ಸೋದರಮಾವಂದಿರನ್ನೆಲ್ಲ ಒಂದೇ ಸಾಲಿನಲ್ಲಿ ಕೂಡಿಸಲು ಒದ್ದಾಡುತ್ತಿದ್ದೆ. ಒಂಬತ್ತು ಮಂದಿ ಮಾವಂದಿರು. ಒಬ್ಬನನ್ನು ಕೆಳಗಿನ ಸಾಲಿಗೆ ಇಳಿಸಿದರೆ ಆ ಮದುವೆಯೇ ನಿಲ್ಲುವ ಸಂಭವವಿತ್ತು. ಹಾಗಾಗಿ ಬಂದವರನ್ನು ನಾನು ಸರಿಯಾಗಿ ನೋಡಲಿಲ್ಲ. ನೋಡಿದ್ದರೆ ಹಿಂದಿನ ಬಾಗಿಲಿನಿಂದ ಚಹಾದಂಗಡಿಗೆ ಹೋಗಿಬಿಡುತ್ತಿದ್ದೆ, ಈ ಕಥೆಯೂ ಆಗುತ್ತಿರಲಿಲ್ಲ.

ಎಪ್ಪತ್ತೊಂಬತ್ತೋ ಎಂಬತ್ತೋ ಇರಬೇಕು. ಬಾಗಲಕೋಟೆಯ ಹಳೆಯ ಪೇಟೆಯಲ್ಲಿ ನಮ್ಮ ಪ್ರೆಸ್ಸು: ಕಾಲಿನಿಂದ ತುಳಿಯುವ ಒಂದು ಟ್ರೆಡಲ್ ಮಷೀನು, ಗೋಡೆಗುಂಟ ಅಚ್ಚುಮೊಳೆಗಳ ಕೇಸು, ಮಾಲಕರು, ಮಷೀನು ತುಳಿಯುವ ಒಬ್ಬ ಮುದುಕ, ಮತ್ತು ಮೊಳೆ ಜೋಡಿಸುವ ನಾನು. ಹೆಡ್ ಮಾಸ್ತರರು ನಿವೃತ್ತರಾಗಿ ಇಳಕಲ್ಲಿನಲ್ಲಿದ್ದರು. ಬಿಳಿ ಟೊಪ್ಪಿಗೆ, ಮೂಗಿನ ತುದಿಗೆ ಜಾರಿದ ಕನ್ನಡಕ, ಹೆಗಲಿಗೆ ಖಾದಿ ಚೀಲ. ಚೀಲದಿಂದ ಒಂದು ನೋಟ್‌ಬುಕ್ ತೆಗೆದು, ದೇವರ ಮುಂದೆ ಇಟ್ಟಷ್ಟು ಭಕ್ತಿಯಿಂದ ಮಾಲಕರ ಮೇಜಿನ ಮೇಲೆ ಇಟ್ಟರು.

“ಮಕ್ಕಳ ಚಿತ್ರದ ಪುಸ್ತಕ ಮಾಡಬೇಕಾಗೈತಿ. ನಮ್ಮ ಸಂಸ್ಥೆಯ ಬಾಲವಾಡಿಗೋಳಿಗೆ. ಹದಿನಾರು ಪುಟ, ಎರಡು ಬಣ್ಣ, ಸಾವಿರ ಪ್ರತಿ. ‘ಸದಾಚಾರ ಚಿತ್ರಮಾಲೆ’ ಅಂತ ಹೆಸರು. ಹುನಗುಂದದಾಗ ಶಿಕ್ಷಣ ಇಲಾಖೆ ಸಾಹೇಬರ ಕೈಲೆ ಬಿಡುಗಡೆ.”

ಪುಟಕ್ಕೊಂದು ಸಾಲು ಬರೆದಿದ್ದರು. ಬೆಳಗಾಗ ಏಳು. ಹಲ್ಲು ತಿಕ್ಕು. ಚೆಲ್ಲದೆ ಉಣ್ಣು. ಹಿರಿಯರಿಗೆ ಬಲಗೈಯಿಂದ ಕೊಡು. ಹೀಗೆ ಮಲಗುವವರೆಗೂ ಮಗುವಿಗೆ ಉಸಿರಾಡಲು ಪುರಸೊತ್ತಿಲ್ಲ.

“ಚಿತ್ರ ಯಾರು ತಗೀತಾರ್ರಿ ಸರ?” ಅಂದರು ಮಾಲಕರು.

“ಬಾದಾಮ್ಯಾಗ ಒಬ್ಬ ಬೋರ್ಡ್ ಪೇಂಟರಗ ಹೇಳಿದ್ವಿ. ಅಂವ ಹದಿನಾರೂ ಪುಟದಾಗ ಗುಡ್ಡ ತಗದು ತಂದ. ಹುಡುಗ ಎಲ್ಲಿ ಅದಾನೋ ತಮ್ಮಾ ಅಂದ್ರ, ಗುಡ್ಡದ ಹಿಂದ ಹಲ್ಲು ತಿಕ್ಕಾಕತ್ತಾನ್ರಿ ಅಂದ.”

“ಹೊರಗ ಯಾಕ್ ಹೋಗ್ತೀರಿ? ನಮ್ಮಂವ ಅದಾನಲ್ರಿ ಇಲ್ಲಿ,” ಎಂದು ಮಾಲಕರು ಕೈಯಲ್ಲಿದ್ದ ಪೆನ್ನಿನಿಂದ ನನ್ನ ಬೆನ್ನು ತೋರಿಸಿದರು. “ನಾಟಕದ ಕಂಪನಿ ಪೋಸ್ಟರಿಗೆ ಮರದ ಬ್ಲಾಕ್ ಕೊರಿತಾನ. ರಾಕ್ಷಸನ್ನ ಕೊರದನಂದ್ರ ಹಡದವ್ವ ಬಂದು ಗುರ್ತು ಹಿಡೀಬೇಕು, ಹಂಗ ಕೊರಿತಾನ.”

ನಾನು ಆಗೋದಿಲ್ಲ ಅನ್ನಲೆಂದೇ ತಿರುಗಿದ್ದೆ. ಆದರೆ ಹೆಡ್ ಮಾಸ್ತರರು ಕನ್ನಡಕದ ಮೇಲಿನಿಂದ ನೋಡಿ, “ಚಿತ್ರ ಬರದವರ ಹೆಸರು ಒಳಪುಟದಾಗ ಹಾಕೂದು ಪದ್ಧತಿ. ನಿಂದೂ ಹಾಕೂಣಂತ, ತಮ್ಮಾ,” ಅಂದರು. ನನ್ನ ಬಾಯಿ ಮುಚ್ಚಿತು.

ಎಷ್ಟು ಮಂದಿಯ ಹೆಸರನ್ನು ನಾನು ಜೋಡಿಸಿರಬಹುದು! ಮದುಮಕ್ಕಳು, ಸತ್ತವರು, ಚುನಾವಣೆಗೆ ನಿಂತವರು, ಬಿದ್ದವರು, ಕುಸ್ತಿಯಲ್ಲಿ ಗೆಲ್ಲುವ ಮೊದಲೇ ಗೆದ್ದವರು. ನನ್ನ ಹೆಸರು ಮಾತ್ರ ಒಮ್ಮೆಯೂ ಮಷೀನಿಗೆ ಏರಿರಲಿಲ್ಲ. ನನ್ನ ಲಗ್ನವಾಗಿದ್ದರೆ ಪತ್ರಿಕೆಯಲ್ಲಾದರೂ ಬರುತ್ತಿತ್ತು, ಅದೂ ಆಗಿರಲಿಲ್ಲ. ಮನೆಗೆ ಹೋಗಿ ಅವ್ವನಿಗೆ ಹೇಳಿದೆ. ಅವ್ವ ಸಾಲಿಯ ಮುಖ ಕಂಡವಳಲ್ಲ. ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು.

“ಪುಸ್ತಕದಾಗ ನಿನ್ನ ಹೆಸರು ಬರ್ತೈತಿ?”

“ಬರ್ತೈತಿ.”

“ಚಿತ್ರ ಬರದ ಮ್ಯಾಲೆ ನನಗೊಂಚೂರು ತೋರಿಸೋ.”

“ಈಗಲ್ಲಬೇ. ಹೆಸರು ಅಚ್ಚಾಗಿ ಬಂದ ಮ್ಯಾಲೇ ತೋರಿಸ್ತೇನಿ,” ಅಂದೆ. ದೊಡ್ಡಸ್ತಿಕೆ! ಆ ಒಂದು ಮಾತು ನುಂಗಿಕೊಂಡಿದ್ದರೆ ಎಷ್ಟೋ ತ್ರಾಸು ತಪ್ಪುತ್ತಿತ್ತು.

ಇಲ್ಲಿ ನನ್ನ ಕಸುಬಿನ ಒಂದು ರೋಗದ ಬಗ್ಗೆ ಹೇಳಬೇಕು. ಅಚ್ಚುಮೊಳೆಯ ಮೇಲೆ ಅಕ್ಷರ ತಿರುವುಮುರುವಾಗಿರುತ್ತದೆ, ಹಾಳೆಗೆ ಒತ್ತಿದಾಗ ನೆಟ್ಟಗಾಗುತ್ತದೆ. ಮರದ ಬ್ಲಾಕೂ ಹಾಗೆಯೇ. ನಾಟಕದ ವೀರ ಬಲಗೈಯಲ್ಲಿ ಖಡ್ಗ ಹಿಡಿಯಬೇಕಾದರೆ ಮರದ ಮೇಲೆ ಎಡಗೈಗೆ ಕೊಟ್ಟು ಕೊರೆಯಬೇಕು. ಉಳಿದವರು ಕನ್ನಡಿ ಇಟ್ಟುಕೊಂಡು ಕೊರೆಯುತ್ತಾರೆ. ನನಗೆ ಕನ್ನಡಿ ಬೇಕಾಗಿರಲಿಲ್ಲ, ಅದೇ ನನ್ನ ಜಂಬ. ಹದಿನೈದು ವರ್ಷ ಜಗತ್ತನ್ನು ತಿರುವಿ ನೋಡಿ ನೋಡಿ, ತಿರುವಿದ್ದೇ ನನ್ನ ಕಣ್ಣಿಗೆ ನೆಟ್ಟಗೆ ಕಾಣುತ್ತಿತ್ತು.

ಈ ಪುಸ್ತಕಕ್ಕೆ ಮರದ ಬ್ಲಾಕು ಬೇಡ, ಗೆರೆ ಸಣ್ಣಗೆ ಬರಬೇಕು ಎಂದು ಮಾಲಕರು ತೀರ್ಮಾನಿಸಿದರು. ನಾನು ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಬರೆಯುವುದು, ಹುಬ್ಬಳ್ಳಿಯಲ್ಲಿ ಕ್ಯಾಮೆರಾದಿಂದ ಅದರ ಫೋಟೋ ಹಿಡಿದು ಸತುವಿನ ತಗಡಿನ ಬ್ಲಾಕು ಮಾಡಿಸುವುದು. ಅಂದರೆ ತಿರುವುವ ಕೆಲಸವನ್ನು ಹುಬ್ಬಳ್ಳಿಯವರೇ ಮಾಡುತ್ತಾರೆ, ನಾನು ಎಲ್ಲರಂತೆ ನೆಟ್ಟಗೆ ಬರೆದರೆ ಸಾಕು. ಇದನ್ನು ಮಾಲಕರು ಹೇಳಿದರು. ನಾನು ಹೂಂ ಅಂದೆ. ತಲೆ ಹೂಂ ಅಂದಿತು, ಕೈಗೆ ಯಾರೂ ಹೇಳಲಿಲ್ಲ.

ಎರಡು ವಾರ ಬರೆದೆ. ಹುಡುಗನಿಗೆ ಎಣ್ಣೆ ಹಚ್ಚಿ ಬೈತಲೆ ತೆಗೆದೆ. ಅವನ ಅವ್ವ, ಅಪ್ಪ, ಅಜ್ಜಿ, ಎಲ್ಲರೂ ಸಾಲಾಗಿ ಕೂತು ಚೆಲ್ಲದೆ ಉಣ್ಣುವಂತೆ ಮಾಡಿದೆ. ಹಿರಿಯರಿಗೆ ಕೊಡುವ ಪುಟಕ್ಕೆ ಒಬ್ಬ ಹಿರಿಯರು ಬೇಕಾಗಿತ್ತು. ಹೆಡ್ ಮಾಸ್ತರರಿಗೆ ಖುಷಿಯಾಗಲೆಂದು ಅವರನ್ನೇ ಕೂಡಿಸಿದೆ: ಅದೇ ಟೊಪ್ಪಿಗೆ, ಅದೇ ಜಾರಿದ ಕನ್ನಡಕ. ಹುಡುಗ ಹಣ್ಣು ಕೊಡುತ್ತಾನೆ, ಅವರು ಕೈಚಾಚಿ ತಗೊಳ್ಳುತ್ತಾರೆ. ಕಸುಬಿನ ಚಪಲ, ಕಿವಿಯ ಕೂದಲನ್ನೂ ಬಿಡಲಿಲ್ಲ.

ಚಿತ್ರಗಳನ್ನು ಒಪ್ಪಿಸಲು ಇಳಕಲ್ಲಿಗೆ ಹೋದೆ. ಪುಸ್ತಕದ ಸಮಿತಿಯಲ್ಲಿ ಹೆಡ್ ಮಾಸ್ತರರೂ ಸೇರಿ ಮೂವರು ಹಿರಿಯರು, ಒಬ್ಬರು ಕಮತಗಿಯ ಬಾಲವಾಡಿಯ ಅಕ್ಕೋರು. ನಮ್ಮಲ್ಲಿ ಹೆಣ್ಣು ಮಾಸ್ತರರಿಗೆ ಅಕ್ಕೋರು ಅನ್ನುತ್ತೇವೆ. ಹಿರಿಯರು ಮೂವರೂ ಚಿತ್ರದ ಕೆಳಗಿನ ಸಾಲುಗಳ ಮೇಲೆ ಬಿದ್ದರು. ‘ಉಣ್ಣು’ ಅನ್ನಬೇಕೋ ‘ಊಟ ಮಾಡು’ ಅನ್ನಬೇಕೋ ಎಂಬುದರ ಮೇಲೆ ಒಂದು ತಾಸು ಹೋಯಿತು, ಎರಡು ಸಲ ಚಹಾ ಬಂತು. ಅಕ್ಕೋರು ಮಾತ್ರ ಹಾಳೆಗಳನ್ನು ಹೊಟ್ಟೆಗಂಟಿಸಿಕೊಂಡು, ಮಕ್ಕಳಿಗೆ ತೋರಿಸುವವರ ಹಾಗೆ ಹೊರಮುಖವಾಗಿ ಹಿಡಿದು, ಮೇಲಿನಿಂದ ಇಣುಕಿ ನೋಡಿದರು.

“ಛಲೋ ಅದಾವ್ರಿ. ಆದ್ರ ನೋಡಾಕ ಏನೂ ಇಲ್ಲ,” ಅಂದರು.

ನನಗೆ ಸಿಟ್ಟು ಬಂತು. “ಇಷ್ಟೆಲ್ಲಾ ಬರದೇನಲ್ರಿ!”

“ಎಲ್ಲಾ ಒಮ್ಮೇಲೆ ಕಾಣ್ತಾವ. ಹುಡುಕಾಕ ಏನರ ಇರಬೇಕ್ರಿ. ಹುಡುಗರು ಮೊದಲ ಮೂಲಿ ನೋಡ್ತಾವ. ಅಲ್ಲೊಂದು ಬೆಕ್ಕರ ಕೂಡಿಸ್ರಿ.”

“ಬೆಕ್ಕಿಗೂ ಸದಾಚಾರಕ್ಕೂ ಏನು ಸಂಬಂಧ?” ಎಂದರು ಹೆಡ್ ಮಾಸ್ತರರು.

“ಏನೂ ಇಲ್ರಿ ಸರ. ಅದಕ್ಕ ಬೇಕು,” ಅಂದರು ಅಕ್ಕೋರು.

ಹದಿನಾರು ಪುಟಕ್ಕೂ ಬೆಕ್ಕು ಕೂಡಿಸಿದೆ. ಒಂದು ಕಡೆ ಒಲೆಯ ಹಿಂದೆ ಬಾಲವಷ್ಟೇ, ಇನ್ನೊಂದು ಕಡೆ ಹಾಸಿಗೆಯ ಕೆಳಗೆ ಎರಡು ಕಣ್ಣಷ್ಟೇ. ಸಿಟ್ಟಿನಲ್ಲೇ ಶುರು ಮಾಡಿದ್ದೆ. ಆರನೆಯ ಬೆಕ್ಕಿನ ಹೊತ್ತಿಗೆ ನಾನೇ ನಗುತ್ತಿದ್ದೆ.

ಹುಬ್ಬಳ್ಳಿಯಿಂದ ಬ್ಲಾಕು ಬಂದವು. ತಗಡಿನ ಮೇಲೆ ಹುಡುಗ ಬಲಗೈಯಲ್ಲಿ ನೆಟ್ಟಗೆ ಉಣ್ಣುತ್ತಿದ್ದ. ಆಗಲಾದರೂ ನನಗೆ ತಿಳಿಯಬೇಕಿತ್ತು. ಬ್ಲಾಕಿನ ಮೇಲೆ ನೆಟ್ಟಗೆ ಕಂಡದ್ದು ಹಾಳೆಯ ಮೇಲೆ ತಿರುವಿ ಬರುತ್ತದೆ ಎಂಬುದು ನಮ್ಮ ಕಸುಬಿನ ಅ ಆ. ಆದರೆ ನನಗೆ ಬೇರೆ ಚಿಂತೆ ಹತ್ತಿತ್ತು: ಕೆಂಪು.

ಎರಡು ಬಣ್ಣ ಅಂದರೆ ಅದೇ ಹಾಳೆ ಎರಡು ಸಲ ಮಷೀನಿಗೆ ಹೋಗಬೇಕು. ಮೊದಲು ಕಪ್ಪು, ಒಣಗಿದ ಮೇಲೆ ಕೆಂಪು. ಹಾಳೆ ಕೂದಲೆಳೆಯಷ್ಟು ಸರಿದರೂ ಬಣ್ಣ ಗೆರೆ ದಾಟುತ್ತದೆ. ಮೊದಲ ದಿನ ಹುಡುಗನ ಕೆನ್ನೆಯ ಕೆಂಪು ಮೂಗಿಗೆ ಹೋಗಿ ಅವನಿಗೆ ನೆಗಡಿ ಬಂದಿತ್ತು. ಎರಡನೆಯ ದಿನ ಅಜ್ಜಿಯ ಕುಂಕುಮ ಬೆಕ್ಕಿಗೆ ಹತ್ತಿತು. ಮಷೀನು ತುಳಿಯುವ ಮುದುಕ, “ಪೂಜಿ ಬೆಕ್ಕು ಆತು ಬಿಡ್ರಿ,” ಅಂದ. ಹಾಳೆಯನ್ನು ತಡೆಯುವ ಪಿನ್ನು ಸರಿಸಿ, ಬ್ಲಾಕಿನ ಕೆಳಗೆ ತೆಳ್ಳನೆಯ ಕಾಗದದ ತುಂಡು ಅಂಟಿಸಿ, ಬ್ಲಾಕನ್ನು ಹಿಡಿದಿಡುವ ಕಬ್ಬಿಣದ ಚೌಕಟ್ಟನ್ನು ಬಿಗಿದು ಬಿಚ್ಚಿ ಬಿಗಿದು, ನಾಲ್ಕನೆಯ ದಿನ ಕೆಂಪು ತನ್ನ ಜಾಗಕ್ಕೆ ಬಂದು ಕೂತಿತು. ಆ ಸಂತೋಷದಲ್ಲಿ ನಾನು ಕೆನ್ನೆ ನೋಡಿದೆ, ಕೈ ನೋಡಲಿಲ್ಲ.

ಹಿರಿಯರು ಪ್ರೂಫು ತಿದ್ದುವುದೂ ಆಯಿತು. ಮೂವರೂ ಬಸ್ಸಿನಲ್ಲಿ ಬಂದು, ಕೆಂಪು ಪೆನ್ಸಿಲ್ ಹಿಡಿದು, ‘ಹಿರಿಯರಿಗೆ ಬಲಗೈಯಿಂದ ಕೊಡು’ ಎಂಬ ಸಾಲನ್ನು ಒಂದೊಂದು ಅಕ್ಷರ ಬಿಡಿಸಿ ಓದಿ, ಸರಿ ಎಂದು ಬರೆದು ಸಹಿ ಹಾಕಿದರು. ಸಾಲಿನ ಒಂದು ಗೇಣು ಮೇಲೆ ಹುಡುಗ ಎಡಗೈಯಿಂದ ಕೊಡುತ್ತಿದ್ದ. ಹೆಡ್ ಮಾಸ್ತರರ ಕನ್ನಡಕ ಅಷ್ಟು ದೂರ ಹೋಗಲಿಲ್ಲ. ಕಲಿತವರ ಕಣ್ಣು ಅಕ್ಷರ ಕಂಡರೆ ಅಲ್ಲೇ ಠಿಕಾಣಿ ಹೂಡುತ್ತದೆ.

ಒಳಗಿನ ಹದಿನಾರು ಪುಟ, ಸಾವಿರ ಪ್ರತಿ, ಅಚ್ಚಾಗಿ ಒಣಗಿದವು. ರಟ್ಟಿನ ಹೊದಿಕೆ ಮಾತ್ರ ಉಳಿದಿತ್ತು. ಮುಂಭಾಗದಲ್ಲಿ ಪುಸ್ತಕದ ಹೆಸರು, ಒಳಬದಿಯಲ್ಲಿ ಸಮಿತಿಯವರ ಹೆಸರು, ಅದರ ಕೆಳಗೆ ‘ಚಿತ್ರಗಳು’ ಎಂದು ಬರೆದು ನನ್ನದು. ಆ ಸಾಲನ್ನು ನಾನೇ ಜೋಡಿಸಿದೆ. ಒಂಬತ್ತು ಮಾವಂದಿರಿಗೂ ಅಷ್ಟು ಮುತುವರ್ಜಿ ವಹಿಸಿರಲಿಲ್ಲ.

ಬಿಡುಗಡೆಗೆ ಹತ್ತು ದಿನ ಇತ್ತು. ಒಂದು ಪ್ರತಿಯನ್ನು ದಾರದಿಂದ ಹೊಲಿದು, ಮಕ್ಕಳಿಗೆ ತೋರಿಸೋಣ ಎಂದು ಕಮತಗಿಗೆ ಹೊರಟೆ. ಹೊಗಳಿಸಿಕೊಳ್ಳಲು ಹೊರಟೆ ಅನ್ನುವುದೇ ಖರೆ. ಬಸ್ಸು ಶಿರೂರು ದಾಟುವಾಗ ಪಕ್ಕದವನಿಗೆ ಕೇಳದಿದ್ದರೂ ಪುಸ್ತಕ ತೋರಿಸಿದೆ. ಅವನು ಹಿಂದಿನಿಂದ ಮುಂದಕ್ಕೆ ತಿರುವಿ, “ಬೆಕ್ಕು ಯಾರದು?” ಎಂದು ಕೇಳಿ ವಾಪಸ್ ಕೊಟ್ಟ.

ಬಾಲವಾಡಿ ಅಂದರೆ ಒಂದು ಕೋಣೆ, ಒಂದು ಪಡಸಾಲೆ, ಮೂವತ್ತು ಮಕ್ಕಳು. ಹೆಚ್ಚಿನವು ನೇಕಾರರ ಮನೆಯವು. ಅಕ್ಕೋರು ಪುಸ್ತಕವನ್ನು ಹೊಟ್ಟೆಗಂಟಿಸಿ ಹಿಡಿದು ಮೊದಲ ಪುಟ ತೆರೆದರು. “ಬೆಕ್ಕು!” ಎಂದು ಮೂವತ್ತು ಬಾಯಿ ಒಮ್ಮೆಲೇ ಕೂಗಿದವು. ಎರಡನೆಯ ಪುಟ, ಬಾಲ. “ಬೆಕ್ಕು!” ನನ್ನ ಎದೆ ಉಬ್ಬಿತು. ಊಟದ ಪುಟ ಬಂತು. ಮೂಲೆಯ ಬೆಕ್ಕು ಸಿಕ್ಕ ಮೇಲೆ ಅವುಗಳ ಕಣ್ಣು ಮೇಲಕ್ಕೆ ಏರಿದವು. ಮುಂದೆ ಕೂತಿದ್ದ ಒಬ್ಬ ಹುಡುಗ ಎದ್ದು ನಿಂತ.

“ಅಕ್ಕೋರ, ಅಜ್ಜಿ ಎಡಗೈಲೆ ಉಣ್ಣಾಕತ್ತಾಳ್ರಿ!”

“ಅವ್ವನೂ!”

“ಅಪ್ಪನೂರಿ! ಎಲ್ಲಾರೂ!”

“ಛೀ!”

ಆ ಛೀ ಎಂಬುದರಲ್ಲಿ ಎಂಥ ಆನಂದವಿತ್ತು! ಕೋಣೆಯೆಲ್ಲ ನಗೆಯಿಂದ ಅದುರಿತು. ದೊಡ್ಡವರು ತಪ್ಪು ಮಾಡುವುದನ್ನು ಕೈಯಾರೆ ಹಿಡಿದ ಸಂತೋಷ. ಒಬ್ಬನಂತೂ ನೆಲಕ್ಕೆ ಬಿದ್ದು ಹೊರಳಾಡಿದ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ನನ್ನ ಬಲಗೈ ನೋಡಿಕೊಂಡೆ, ಎಡಗೈ ನೋಡಿಕೊಂಡೆ, ಪುಸ್ತಕ ನೋಡಿದೆ. ಹದಿನಾರು ಪುಟ, ಸಾವಿರ ಪ್ರತಿ. ಊರಿಗೆ ಊರೇ ಎಡಗೈಯಲ್ಲಿ ಹಲ್ಲು ತಿಕ್ಕಿ, ಎಡಗೈಯಲ್ಲಿ ಉಂಡು, ಎಡಗೈಯಲ್ಲಿ ತೀರ್ಥ ತಗೊಂಡು, ಎಡಗೈಯಲ್ಲಿ ಸದಾಚಾರ ಮಾಡುತ್ತಿತ್ತು. ಕೈಮುಗಿಯುವ ಒಂದು ಪುಟ ಮಾತ್ರ ಎರಡೂ ಕೈ ಇದ್ದದ್ದರಿಂದ ಪಾರಾಗಿತ್ತು.

ನಗದೇ ಇದ್ದವಳು ಒಬ್ಬಳೇ ಹುಡುಗಿ. ನಾಲ್ಕೂವರೆ, ಐದು ವರ್ಷದವಳು, ಗೋಡೆಗೆ ಆತು ಕೂತಿದ್ದಳು. ಗದ್ದಲ ಇಳಿದ ಮೇಲೆ ಎದ್ದು ಬಂದು ಅಕ್ಕೋರ ಕೈಯಿಂದ ಪುಸ್ತಕ ಇಸಿದುಕೊಂಡು ತನ್ನ ಜಾಗಕ್ಕೆ ಹೋಗಿ, ಊಟದ ಪುಟ ತೆರೆದು, ಒಬ್ಬೊಬ್ಬರ ಕೈ ಮೇಲೂ ಬೆರಳಿಟ್ಟು ನೋಡತೊಡಗಿದಳು.

ಅಕ್ಕೋರು ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದರು: “ಅಕಿ ಎಡಚಿ ಅದಾಳ್ರಿ. ಮನ್ಯಾಗ ಎಡಗೈ ಮುಂದ ಮಾಡಿದ್ರ ಹೊಡೀತಾರ. ಇಲ್ಲಿ ಉಪ್ಪಿಟ್ಟು ಕೊಟ್ರ ಗ್ವಾಡಿ ಕಡೆ ಮಾರಿ ಮಾಡಿ ಉಣ್ತಾಳ.”

ಆ ಹೊತ್ತಿಗೆ ನನಗೆ ಆ ಹುಡುಗಿಯ ಚಿಂತೆಯಿರಲಿಲ್ಲ, ನನ್ನದೇ ಹಾಸಿ ಹೊದೆಯುವಷ್ಟಿತ್ತು. ಪುಸ್ತಕ ವಾಪಸ್ ಕೇಳಿದೆ. ಹುಡುಗಿ ಅದನ್ನು ಲಂಗದ ಕೆಳಗೆ ಹಾಕಿ ಅದರ ಮೇಲೆ ಕೂತಳು. ಎಬ್ಬಿಸಲು ಹೋಗಿ ಅಳಿಸುವ ಧೈರ್ಯ ನನಗಾಗಲಿಲ್ಲ, ಬರಿಗೈಯಲ್ಲಿ ಬಸ್ಸು ಹತ್ತಿದೆ.

ಮಾಲಕರಿಗೆ ಹೇಳಿದಾಗ ಅವರು ಒಂದು ಹಾಳೆ ಎತ್ತಿ, ತಾವೇ ಗಾಳಿಯಲ್ಲಿ ಒಂದು ತುತ್ತು ಉಂಡು ನೋಡಿದರು. ಬಲಗೈಯಲ್ಲಿ ಒಮ್ಮೆ, ಎಡಗೈಯಲ್ಲಿ ಒಮ್ಮೆ. ಆಮೇಲೆ ನನಗೆ ಬೈದ ಬೈಗುಳಗಳನ್ನು ಮಕ್ಕಳ ಪುಸ್ತಕದ ಕಥೆಯಲ್ಲಿ ಬರೆಯಬಾರದು. ಹೊಸ ಬ್ಲಾಕು ಮಾಡಿಸಿ ಮತ್ತೆ ಅಚ್ಚು ಹಾಕಲು ಹತ್ತು ದಿನ ಎಲ್ಲಿಯೂ ಸಾಲದು, ಕಾಗದವೂ ಇಲ್ಲ.

“ಹಿಂಗ ಮಾಡೂಣು,” ಅಂದರು ಕೊನೆಗೆ, ಬೈದು ದಣಿದು. “ಮೂರು ಮಂದಿ ಶಾಣ್ಯಾರು ನೋಡಿ ಸಹಿ ಹಾಕ್ಯಾರ. ಸಾಹೇಬ್ರು ಏನು ನೋಡ್ತಾರ? ನಾವು ಬಾಯಿ ಮುಚ್ಚಕೊಂಡಿರೂದು. ನಿನಗ ಅಂಜಿಕಿ ಬಂದ್ರ ನಿನ್ನ ಹೆಸರು ತಗದು ಬಿಡು. ಹೆಸರಿಲ್ಲದ ತಪ್ಪಿಗೆ ಅಪ್ಪ ಯಾರು?”

ಮಾತು ಸರಿ ಅನಿಸಿತು. ಹೊದಿಕೆಯ ಚೌಕಟ್ಟು ಸಡಿಲಿಸಿ ನನ್ನ ಹೆಸರಿನ ಸಾಲನ್ನು ಎತ್ತಿ ಅಂಗೈಯಲ್ಲಿ ಹಿಡಿದುಕೊಂಡೆ. ಮೊಳೆಗಳನ್ನು ಒಂದೊಂದಾಗಿ ಅವುಗಳ ಗೂಡಿಗೆ ಹಾಕಿಬಿಟ್ಟರೆ ಆಯಿತು, ನಾನು ಇರಲೇ ಇಲ್ಲ. ಹಾಕಲಾಗಲಿಲ್ಲ. ಸಾಲಿಗೆ ದಾರ ಸುತ್ತಿ ಅಂಗಿಯ ಜೇಬಿಗೆ ಇಳಿಸಿದೆ. ಎರಡು ದಿನ ಆ ಸೀಸದ ಭಾರ ಹೊತ್ತುಕೊಂಡೇ ತಿರುಗಾಡಿದೆ. ಅವ್ವ, “ಹೆಸರು ಬಂತೇನೋ?” ಅಂದರೆ, “ಜೇಬಿನಾಗ ಐತಿ,” ಅನ್ನಬೇಕಷ್ಟೇ. ನನಗೆ ನನ್ನ ಮೇಲೇ ಭಾಳ ಬೇಜಾರಾಗಿತ್ತು.

ಮೂರನೆಯ ದಿನ ಮಧ್ಯಾಹ್ನ ಅಕ್ಕೋರು ಪ್ರೆಸ್ಸಿಗೇ ಬಂದರು. ಪ್ರತಿ ವಾಪಸ್ ತಂದಿರಬೇಕು ಅಂದುಕೊಂಡೆ.

“ಪುಸ್ತಕ ಕೊಡಾಂಗಿಲ್ಲಂತರಿ ಅಕಿ. ನಿನ್ನೆ ಉಪ್ಪಿಟ್ಟು ಹಾಕಿದಾಗ ಏನು ಮಾಡಿದ್ಲು ಗೊತ್ತೈತೇನು? ಎಲ್ಲಾರ ನಡುಕ ಬಂದು ಕುಂತು, ಮುಂದ ಪುಸ್ತಕ ತಗದಿಟ್ಟು, ಎಡಗೈಲೆ ಉಂಡ್ಲು. ಯಾರೋ ಛೀ ಅಂದ್ರು. ‘ನೋಡಲ್ಲಿ, ಅಜ್ಜಿ ಹಂಗ ಉಣ್ತಾಳ’ ಅಂದ್ಲು. ಗ್ವಾಡಿ ಕಡೆ ತಿರುಗಲಿಲ್ಲರಿ.”

ಅಕ್ಕೋರು ಮುಂದುವರಿಸಿದರು. “ನೀವು ಬಾಯಿ ಮುಚ್ಚಕೊಂಡು ಬಿಡುಗಡೆ ಮಾಡಿದ್ರ ಹುನಗುಂದದಾಗ ಹುಡುಗರು ಅಲ್ಲೇ ಕೂಗ್ತಾವ. ಆಮ್ಯಾಲೆ ಪುಸ್ತಕ ಎಲ್ಲಾ ವಾಪಸ್ ಹೊಕ್ಕಾವ. ಅಕಿ ಕೈಯಾಗಿಂದೂ ಕಸ್ಗೋತಾರ. ಮೊದಲ ಹೆಡ್ ಮಾಸ್ತರ್ರಿಗೆ ಹೇಳ್ರಿ. ನಾ ಹೇಳಿದ್ರ ಅಧಿಕಪ್ರಸಂಗ ಅಂತಾರ.”

“ನಾ ಯಾವ ಮಾರಿ ಇಟ್ಕೊಂಡು ಹೇಳ್ಲಿರಿ?”

“ಚಿತ್ರ ಬರದವ್ರ ಮಾರಿ ಇಟ್ಕೊಂಡು,” ಅಂದರು ಅಕ್ಕೋರು.

ಹೆಸರು ಕಿತ್ತುಕೊಂಡವನು ಹೋಗಿ ಏನೆಂದು ಹೇಳಬೇಕು? ಜೇಬಿನಿಂದ ಸಾಲನ್ನು ತೆಗೆದು, ದಾರ ಬಿಚ್ಚಿ, ಮತ್ತೆ ಚೌಕಟ್ಟಿನೊಳಗೆ ಕೂಡಿಸಿ ಬಿಗಿದೆ. ಮಾಲಕರು ನೋಡಿ, “ಹಗ್ಗಾ ಕೊಟ್ಟು ಕೈ ಕಟ್ಟಿಸ್ಕೊಳ್ಳಾವ,” ಅಂದರು. ಇರಲಿ ಅಂದೆ.

ಇಳಕಲ್ಲಿಗೆ ಹೋಗಿ ಹೆಡ್ ಮಾಸ್ತರರನ್ನು ಕಂಡೆ. ಹೇಳಲು ಬಾಯಿ ತೆರೆದೆ, ‘ಮಕ್ಕಳು ಪುಸ್ತಕ ನೋಡಿ ಭಾಳ ನಕ್ಕಾರ್ರಿ’ ಎಂಬಷ್ಟೇ ಹೊರಗೆ ಬಂತು. ಸದಾಚಾರ ನೋಡಿ ನಕ್ಕರೇ? ಅವರಿಗೆ ಅರ್ಥವಾಗಲಿಲ್ಲ. “ನಡಿ, ನಾನೇ ಓದಿ ತೋರಿಸ್ತೇನಿ. ಓದೂದರಾಗ ಏನೋ ತಪ್ಪಿರಬೇಕು,” ಎಂದು ಟೊಪ್ಪಿಗೆ ಹಾಕಿಕೊಂಡು ಎದ್ದೇಬಿಟ್ಟರು. ಇಳಕಲ್ಲಿನಿಂದ ಕಮತಗಿಯವರೆಗೆ ಬಸ್ಸಿನಲ್ಲಿ ನಾಲ್ಕು ಸಲ ಖರೆ ಹೇಳಲು ಹೋದೆ. ನಾಲ್ಕೂ ಸಲ ಕಂಡಕ್ಟರ್ ಸೀಟಿ ಊದಿದ. ಅದನ್ನೇ ನೆಪ ಮಾಡಿಕೊಂಡು ಸುಮ್ಮನಾದೆ.

ಬಾಲವಾಡಿಯಲ್ಲಿ ಅವರಿಗೆ ಕುರ್ಚಿ ಹಾಕಿದರು. ಮಕ್ಕಳೆಲ್ಲ ಕೈಮುಗಿದು ಕೂತವು. “ಪುಸ್ತಕ ಎಲ್ಲೈತಿ? ತರ್ರಿ ನೋಡೂಣು,” ಅಂದರು. ಪುಸ್ತಕ ಆ ಹುಡುಗಿಯ ಹತ್ತಿರವೇ ಇತ್ತು. ಅಕ್ಕೋರು ಹೋಗು ಎಂದು ಕಣ್ಣು ಮಾಡಿದರು. ಅವಳು ಎದ್ದು, ನಡೆದು ಬಂದು, ಹೆಡ್ ಮಾಸ್ತರರ ಮುಂದೆ ನಿಂತು ಪುಸ್ತಕ ಚಾಚಿದಳು. ಎಡಗೈಯಲ್ಲಿ.

ನಲವತ್ತು ವರ್ಷದ ರೂಢಿ. ಅವರು ಚಾಚಿದ ಕೈ ಹಿಂದಕ್ಕೆ ತಗೊಂಡರು.

“ಹಿಂಗಲ್ಲವಾ. ಬಲಗೈಲೆ ಕೊಡಬೇಕು.”

ಹುಡುಗಿ ಅಳಲಿಲ್ಲ. ಪುಸ್ತಕವನ್ನು ಅವರ ತೊಡೆಯ ಮೇಲೆ ಇಟ್ಟು, ಹಾಳೆ ತಿರುವಿ ತಿರುವಿ, ಹಣ್ಣು ಕೊಡುವ ಪುಟಕ್ಕೆ ಬಂದು ನಿಲ್ಲಿಸಿದಳು. ಚಿತ್ರದ ಮೇಲೆ ಬೆರಳಿಟ್ಟಳು.

“ಇಲ್ಲಿ ತಗೊಂಡೀರಲ್ರಿ?”

ಹೆಡ್ ಮಾಸ್ತರರು ಕನ್ನಡಕ ಮೇಲಕ್ಕೆ ಏರಿಸಿದರು. ಆ ಪುಸ್ತಕದ ಚಿತ್ರವನ್ನು ಅವರು ಮೊದಲ ಸಲ ನೋಡಿದ್ದು ಅವತ್ತೇ ಎಂದು ನಾನು ಎಲ್ಲಿ ಬೇಕಾದರೂ ಪ್ರಮಾಣ ಮಾಡುತ್ತೇನೆ. ಅದೇ ಟೊಪ್ಪಿಗೆ, ಅದೇ ಕನ್ನಡಕ, ಕಿವಿಯ ಕೂದಲು. ಹುಡುಗ ಎಡಗೈಯಿಂದ ಹಣ್ಣು ಕೊಡುತ್ತಿದ್ದಾನೆ. ಅಜ್ಜಾರು ನಗುನಗುತ್ತ ತಮ್ಮ ಎಡಗೈ ಚಾಚಿ ತಗೊಳ್ಳುತ್ತಿದ್ದಾರೆ.

“ಅದು... ನಾನಲ್ಲ,” ಅಂದರು.

“ನೀವ ಅಲ್ರಿ ಅಜ್ಜಾರ!” ಎಂದು ಕೋಣೆಯೆಲ್ಲ ಕೂಗಿತು. “ಟೊಪಗಿ ಐತಿ! ಚಸ್ಮಾ ಐತಿ!”

ಅವರು ನನ್ನ ಕಡೆ ತಿರುಗಿದರು. ನಾನು ಎರಡೂ ಕೈ ಜೋಡಿಸಿದೆ, ಒಂದನ್ನೇ ಎತ್ತಲು ಹೆದರಿಕೆಯಾಗಿತ್ತು. “ತಪ್ಪು ನಂದರಿ ಸರ. ಮರಾ ಕೊರದ ಕೈ, ಕಾಗದದ ಮ್ಯಾಲೂ ತಿರುವಿ ಬರದೈತಿ. ಸಾವಿರ ಪ್ರತಿ ಆಗ್ಯಾವ.” ಹೆಸರು ಬೇಡವೆಂದರೂ ಸರಿ, ತೆಗೆಯುತ್ತೇನೆ ಎಂಬುದನ್ನೂ ಹೇಳಿದೆ.

ಅವರು ಮತ್ತೆ ಆ ಚಿತ್ರದ ಮೇಲೆ ಬಾಗಿದರು. ಬೈಗುಳಕ್ಕೆ ನಾನು ತಯಾರಾಗಿದ್ದೆ. ಹುಡುಗಿ ಮಾತ್ರ ಅಲ್ಲಿಂದ ಕದಲಲಿಲ್ಲ. ಪುಸ್ತಕವನ್ನು ಮತ್ತೆ ಎತ್ತಿಕೊಂಡು, ಮುಚ್ಚಿ, ಮೊದಲಿನ ಹಾಗೆಯೇ, ಅದೇ ಕೈಯಲ್ಲಿ ಚಾಚಿದಳು. ಎರಡನೆಯ ಸಲ.

ಹೆಡ್ ಮಾಸ್ತರರು ಎಡಗೈ ಚಾಚಿ ತಗೊಂಡರು.

ಮಕ್ಕಳು ಚಪ್ಪಾಳೆ ಹೊಡೆದವು. ಬೆಕ್ಕು ಹುಡುಕಿದಾಗಲೂ ಅಷ್ಟು ಗದ್ದಲ ಆಗಿರಲಿಲ್ಲ. ಅಕ್ಕೋರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಹೆಡ್ ಮಾಸ್ತರರು ಪುಸ್ತಕವನ್ನು ಅಕ್ಕೋರ ಹಾಗೆಯೇ ಹೊಟ್ಟೆಗಂಟಿಸಿ ಹಿಡಿದು ಓದತೊಡಗಿದರು. ಅವರು ಒಂದು ಸಾಲು ಓದುವಷ್ಟರಲ್ಲಿ ಮಕ್ಕಳು ಹತ್ತು ಮಾತು ಹೇಳುತ್ತಿದ್ದವು. ಅಡ್ಡಬಾಯಿ ಹಾಕಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮನುಷ್ಯ ಅವತ್ತು ಯಾರನ್ನೂ ಸುಮ್ಮನ ಕೂಡ್ರಿ ಅನ್ನಲಿಲ್ಲ.

ಹೊರಗೆ ಬಸ್ಸಿಗೆ ಕಾಯುವಾಗ ಹೇಳಿದರು: “ಚಿತ್ರ ಹಂಗ ಇರಲಿ. ಆ ಒಂದು ಸಾಲಿನಾಗ ‘ಬಲಗೈಯಿಂದ’ ಅಂತ ಐತಲ್ಲ, ಅದಷ್ಟು ಅಳಿಸಾಕ ಬರ್ತೈತೇನು?”

“ಅಚ್ಚಾದ ಅಕ್ಷರ ಅಳಿಸಾಕ ಬರೂದಿಲ್ರಿ. ಅದರ ಮ್ಯಾಲೆ ಬೇರೆ ಏನರ ಹೊಡೀಬಹುದು.”

“ಏನರ ಹೊಡಿ. ಅಕಿ ದೊಡ್ಡಾಕಿ ಆಗಿ ಓದಾಕ ಕಲಿತ ಮ್ಯಾಲೆ ಆ ಶಬ್ದ ಕಾಣಬಾರದು.” ಬಸ್ಸಿನ ಹಾದಿ ನೋಡುತ್ತ, “ಹೆಸರು ತಗೀಬ್ಯಾಡ,” ಅಂದರು. “ಕಿವಿ ಕೂದಲಾ ಅಷ್ಟು ಬರೀಬಾರದಾಗಿತ್ತು.”

ಲಗ್ನಪತ್ರಿಕೆಯ ಮೂಲೆಗೆ ಹಾಕುವ ಗುಲಾಬಿ ಹೂವಿನ ಸಣ್ಣ ಬ್ಲಾಕುಗಳು ನಮ್ಮಲ್ಲಿದ್ದವು. ಮೂರನ್ನು ಜೋಡಿಸಿ, ಕೆಂಪು ಶಾಯಿ ದಟ್ಟಗೆ ಹಚ್ಚಿ, ಹುಡುಗಿಯ ಪ್ರತಿಯನ್ನೂ ಅಕ್ಕೋರಿಂದ ತರಿಸಿ ದಾರ ಬಿಚ್ಚಿ ಸೇರಿಸಿ, ಸಾವಿರ ಹಾಳೆಯನ್ನೂ ಮತ್ತೊಮ್ಮೆ ಮಷೀನಿಗೆ ಕೊಟ್ಟೆವು. ಹೂವು ಕೂದಲೆಳೆಯಷ್ಟು ಸರಿದರೂ ‘ಬಲ’ ಇಣುಕುತ್ತಿತ್ತು. ಮುದುಕ ತುಳಿದ, ನಾನು ಹಾಳೆ ಇಟ್ಟೆ. ಅಷ್ಟು ಜೋಪಾನದ ಅಚ್ಚನ್ನು ನಾನು ಆಮೇಲೆ ಎಂದೂ ಮಾಡಿಲ್ಲ. ಹಿರಿಯರಿಗೆ, ಮೂರು ಹೂವು, ಕೊಡು. ಓದಲು ಬಾರದ ಮಕ್ಕಳಿಗೂ ಆ ಒಂದು ಸಾಲು ಓದಲು ಬಂತು. ಕಮತಗಿಯ ಹುಡುಗರು ಪುಸ್ತಕ ಹಂಚಿದ ಮರುದಿನದಿಂದ ಹೆಡ್ ಮಾಸ್ತರರು ಬಂದಾಗಲೆಲ್ಲ ಹೂವು ಕೊಡಲು ಶುರುಮಾಡಿದರಂತೆ.

ಹುನಗುಂದದಲ್ಲಿ ಬಿಡುಗಡೆ ಆಯಿತು. ಸಾಹೇಬರು ಹದಿನಾರೂ ಪುಟ ತಿರುವಿದರು. “ಬೆಕ್ಕು ಭಾಳ ಛಲೋ ಬಂದೈತಿ,” ಎಂದು ಹೇಳಿ ಚಹಾ ಕುಡಿಯಲು ಹೋದರು. ಕೊನೆಗೂ ಅವರಿಗೆ ಗೊತ್ತಾಗಲಿಲ್ಲ. ಮುಂದೆ ಕೂತಿದ್ದ ಮಕ್ಕಳಿಗೆ ಗೊತ್ತಾಗಲು ಎರಡು ಪುಟ ಸಾಕಾಯಿತು.

ಒಂದು ಪ್ರತಿ ತಗೊಂಡು ಮನೆಗೆ ಓಡಿದೆ. ಅವ್ವ ಕೈ ತೊಳೆದು, ಸೆರಗಿಗೆ ಒರೆಸಿ, ಪುಸ್ತಕ ಇಸಿದುಕೊಂಡಳು. ಹೆಸರಿನ ಪುಟ ಬಿಡಿಸಿ ಕೊಟ್ಟರೂ ಅವಳು ಚಿತ್ರದ ಕಡೆಗೇ ಹೋದಳು. ಮೊದಲನೆಯ ಪುಟ ನೋಡಿದಳು. ಎರಡನೆಯದಕ್ಕೆ ತಲೆ ಎತ್ತಿದಳು.

“ಯಪ್ಪಾ, ಇವ್ರೆಲ್ಲಾ ಯಾಕೋ ಎಡಗೈಲೆ ಅದಾರ?”

ನಾನು ಗೋಡೆಗೆ ಒರಗಿ ಕೂತುಬಿಟ್ಟೆ.

“ಅವತ್ತ ತೋರಿಸು ಅಂದಿದ್ನಿಲ್ಲೋ ನಾ,” ಅಂದಳು. ಕೊನೆಯವರೆಗೂ ನೋಡಿ, ಬೆಕ್ಕುಗಳನ್ನೆಲ್ಲ ಒಂದೂ ಬಿಡದೆ ಹುಡುಕಿ, ಆಮೇಲೆ ಹೊದಿಕೆಯ ಒಳಬದಿಗೆ ಬಂದಳು. “ನಿನ್ನ ಹೆಸರು ಎಲ್ಲೈತಿ?”

ತೋರಿಸಿದೆ. ಹಿಟ್ಟಿನ ವಾಸನೆಯ ಬೆರಳನ್ನು ಆ ಸಾಲಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಮೆಲ್ಲಗೆ ಎಳೆದಳು. ಅವಳ ಕಣ್ಣು ತುಂಬಿತ್ತು.

“ಇದಾದ್ರೂ ನೆಟ್ಟಗ ಐತಿಲ್ಲೋ?”

“ನೆಟ್ಟಗ ಐತಿಬೇ,” ಅಂದೆ. ಖರೆ ಹೇಳಬೇಕೆಂದರೆ, ಹಾಗೆ ಹೇಳುವ ಮೊದಲು ನಾನೂ ಅದನ್ನು ಇನ್ನೊಮ್ಮೆ ಓದಿ ನೋಡಿದೆ.